ಬರ್ತಿದ್ದೀನಿ ಅಂದ ಮೇಲೆ

ಜುಲೈ 12

ಅಮ್ಮಾ,

ಮೊದಲಿಗೆ ಸಾರಿ. ಪತ್ರ ಬರೆಯುತ್ತಿರುವುದಕ್ಕೇ ಸಾರಿ. ಕೈಯಲ್ಲಿ ಫೋನ್ ಇಟ್ಟುಕೊಂಡು ಯಾರಾದರೂ ಪತ್ರ ಬರೆಯುತ್ತಾರಾ ಎಂದು ನರ್ಸ್ ಕ್ವಾರ್ಟರ್ಸಿನಲ್ಲಿ ನಿನ್ನ ರೂಮಿನಲ್ಲಿರುವ ಸಿಸ್ಟರ್ ಆಂಟಿ ನಗಬಹುದು. ನಗಲಿ. ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ', 'ಆಯ್ತು', 'ನಿಂದು?', 'ಆಯ್ತು' ಎಂಬಲ್ಲಿಗೆ ಮುಗಿದುಹೋಗುತ್ತೇವೆ. ಇಲ್ಲವಾದರೆ ಅಡ್ಮಿಷನ್ ದಿನ ಹಾಸ್ಟೆಲ್ ಗೇಟಿನ ಮುಂದೆ ಅರ್ಧಕ್ಕೆ ಬಿಟ್ಟ ಜಗಳವನ್ನು ಮುಂದುವರಿಸುತ್ತೇವೆ. ಪತ್ರದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. (ಜೋಕ್. ಸಿಟ್ಟಾಗಬೇಡ.)

ವಿಷಯ ಏನೆಂದರೆ, ನಾನು ಬಾಹ್ಯಾಕಾಶಕ್ಕೆ ಹೋಗಿ ಬಂದೆ.

ಗಾಬರಿಯಾಗಬೇಡ, ತಲೆ ನೆಟ್ಟಗಿದೆ. ನನ್ನ ಲ್ಯಾಪ್‌ಟಾಪಿನ ಫ್ಯಾನು ಬೆಕ್ಕಿನ ಹಾಗೆ ಕಿರುಚತೊಡಗಿತ್ತು. ಕಾಲೇಜಿನ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿ ದಾಟಿದರೆ, ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಡೆಸುವವಳು ಒಬ್ಬಳು ಅಕ್ಕ. ಹಣೆಗೆ ಪುಟ್ಟ ಟಾರ್ಚ್ ಕಟ್ಟಿಕೊಂಡೇ ಇರುತ್ತಾಳೆ. ಮಾತಾಡಿಸಲು ತಲೆಯೆತ್ತಿದರೆ ನಮ್ಮ ಕಣ್ಣು ಕುಕ್ಕುತ್ತದೆ. ಎಲ್ಲರಿಗೂ ಅವಳು ರಿಪೇರಿ ಅಕ್ಕ. ರಿಪೇರಿಯಾದ ಮಷಿನನ್ನು ಅವಳು ಹಾಗೇ ಎತ್ತಿ ಕೊಡುವುದಿಲ್ಲ. ತುಂಬಾ ಭಾರದ ಆಟವೊಂದನ್ನು ಅದರ ಮೇಲೆ ಓಡಿಸಿ, ಬೆವರಿಳಿಸಿ, ಉಳಿಯುತ್ತದೋ ಸಾಯುತ್ತದೋ ನೋಡಿ ಆಮೇಲೆ ಕೊಡುತ್ತಾಳೆ. ಆ ಆಟವೇ ಬಾಹ್ಯಾಕಾಶ ನೌಕೆ ನಡೆಸುವ ಸಿಮ್ಯುಲೇಟರ್. ಸುಮ್ಮನೆ ಬಿಟ್ಟರೆ ನೌಕೆ ನಿಂತಲ್ಲೇ ನಿಂತಿರುತ್ತದೆ, ಮಷಿನ್ ಬಿಸಿಯಾಗುವುದಿಲ್ಲ. ಯಾರಾದರೂ ಕೂತು ಹಾರಿಸಬೇಕು.

"ಏ ಹುಡುಗಿ, ಸುಮ್ನೆ ಕೂತಿದ್ದೀಯಲ್ಲ, ಇದನ್ನ ಸ್ವಲ್ಪ ಹಾರಿಸ್ತೀಯಾ?"

"ನಂಗೆ ಬರಲ್ಲ ಅಕ್ಕ."

"ಬರ್ದೇ ಇರೋರೇ ಬೇಕು. ಬರೋರು ಮಷಿನ್‌ಗೆ ಏನೂ ಕಷ್ಟ ಕೊಡಲ್ಲ."

ಆಟ ಮೊದಲು ಹೆಸರು ಕೇಳಿತು. ನನ್ನ ಕೈ ತಾನೇ ತಾನಾಗಿ 'ಬಿ-37' ಎಂದು ಟೈಪ್ ಮಾಡಿತು. ಐದನೇ ಕ್ಲಾಸಿನಲ್ಲಿ ಹಾಸ್ಟೆಲಿಗೆ ಸೇರಿಸುವಾಗ ನನ್ನ ಬಕೆಟ್ಟು, ತಟ್ಟೆ, ಟ್ರಂಕಿನ ಮೇಲೆಲ್ಲ ನೀನು ಬಣ್ಣದಲ್ಲಿ ಬರೆದ ನಂಬರು. ಹೆಸರು ಅಂದರೆ ನನ್ನ ಬೆರಳಿಗೆ ನೆನಪಾಗಿದ್ದು ಅದು.

ಆಮೇಲೆ ಏನಾಯಿತು ಗೊತ್ತಾ? ನೌಕೆ ನೆಲ ಬಿಟ್ಟಿತು. ಅಷ್ಟೇ. ಆದರೆ ಆ ಅಷ್ಟಕ್ಕೇ ನಾನು ಮೇಜಿನ ಅಂಚು ಹಿಡಿದುಕೊಂಡೆ. ಕಾಲ ಕೆಳಗೆ ಏನೂ ಇಲ್ಲ, ತಲೆಯ ಮೇಲೂ ಏನೂ ಇಲ್ಲ. ನಕ್ಷತ್ರಗಳು ಮಿನುಗುವುದೇ ಇಲ್ಲ ಅಮ್ಮ, ಮೊಳೆ ಹೊಡೆದ ಹಾಗೆ ನಿಂತಿರುತ್ತವೆ. ಎಂಜಿನ್ ಆಫ್ ಮಾಡಿದರೂ ನೌಕೆ ನಿಲ್ಲುವುದಿಲ್ಲ, ಹೋಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ತಿರುಗಿ ನಿಂತು ಅಷ್ಟೇ ಜೋರಾಗಿ ಹಿಂದಕ್ಕೆ ತಳ್ಳಬೇಕು. ನಾನು ಇದನ್ನು ಕಲಿಯುವಷ್ಟರಲ್ಲಿ ಎರಡು ಬಂಡೆಗೆ ಢಿಕ್ಕಿ ಹೊಡೆದಿದ್ದೆ.

ಕೊನೆಗೆ ನಿಲ್ದಾಣ ಕಾಣಿಸಿತು. ಊರಷ್ಟು ದೊಡ್ಡದು, ನಿಧಾನಕ್ಕೆ ತಿರುಗುತ್ತಿತ್ತು. ಒಳಹೋಗಲು ಒಂದು ಸೀಳು ಬಾಗಿಲು, ಅದೂ ತಿರುಗುತ್ತಿತ್ತು. ಒಳಗೆ ಬರಲೇ ಎಂದು ಕೇಳಿದೆ. ಅನುಮತಿ ಇದೆ ಎಂದು ಹಸಿರು ದೀಪ ಬಂತು. ನಾನು ಬಾಗಿಲ ಮುಂದೆ ನಿಂತೆ. ನಿಂತೇ ಇದ್ದೆ. ದೀಪ ಕೆಂಪಾಯಿತು, ಸೈರನ್ ಕೂಗಿತು, ಗುಂಡು ಹಾರಿಸುತ್ತೇವೆ ಎಂದು ಎಚ್ಚರಿಕೆ ಬಂತು.

ಅಕ್ಕ ಟಾರ್ಚ್ ಸಮೇತ ತಿರುಗಿದಳು. "ಬಾ ಅಂದ್ಮೇಲೂ ಯಾಕೆ ನಿಂತಿದ್ದೆ?"

"ಒಳಗೆ ಕರೀತಾರೆ ಅಂದ್ಕೊಂಡೆ."

"ಕರೆದಾಯ್ತಲ್ಲ! ಇನ್ನೇನು ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ಬೇಕಾ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾರ್ಡನ್ ರೂಮಿನ ಬಾಗಿಲಲ್ಲಿ ಎಂಟು ವರ್ಷ ನಿಂತು ಬಂದವರಿಗೆ ಗೊತ್ತು, 'ಯೆಸ್' ಅಂದರೆ ಇನ್ನೂ ಒಳಗೆ ಬಾ ಅಂತಲ್ಲ. ನಾನೂ ನಕ್ಕೆ. ಎರಡನೇ ಸಲ ಹಸಿರು ಬಂದಾಗ ಕಣ್ಣು ಮುಚ್ಚಿ ನುಗ್ಗಿಬಿಟ್ಟೆ.

ಮತ್ತೆ ಶನಿವಾರ ಬಾ ಅಂದಿದ್ದಾಳೆ. ಹೋಗುತ್ತೇನೆ.

ನಿನ್ನ,
ಪಾಪು (ಹದಿನೆಂಟಾಯಿತು, ಆದರೂ)

●

ಜುಲೈ 25

ಪಾಪು,

ನಿನ್ನ ಕಾಗದ ಬಂದು ವಾರವಾಯಿತು. ಮೂರು ಜನ ರಜೆ ಹಾಕಿದ್ದಾರೆ, ಡಬಲ್ ಡ್ಯೂಟಿ. ಡ್ರೆಸಿಂಗ್ ಟ್ರೇ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ಕಾಗದಕ್ಕೆ ಸ್ಪಿರಿಟ್ ವಾಸನೆ ಬಂದರೆ ಅದಕ್ಕೇ.

ನಿನ್ನ ಸಿಸ್ಟರ್ ಆಂಟಿ ನಗಲಿಲ್ಲ. ನನಗೂ ಓದಿ ಹೇಳು ಅಂದಳು. ಬಂಡೆಗೆ ಹೊಡೆದದ್ದನ್ನು ಎರಡು ಸಲ ಓದಿಸಿದಳು.

ಆದರೆ ಇದು ನನಗೆ ಹಿಡಿಸಲಿಲ್ಲ. ಮಗಳು ಫಾರ್ಮಸಿ ಓದಲಿ ಎಂದು ಕಳಿಸಿದೆ, ರಿಪೇರಿ ಅಂಗಡಿಯಲ್ಲಿ ಕೂತು ಆಟ ಆಡಲಿ ಎಂದಲ್ಲ. ಗುರುತು ಪರಿಚಯ ಇಲ್ಲದ ಹೆಂಗಸು ಬಾ ಅಂದರೆ ಹೋಗಿಬಿಡುವುದಾ? ಇಂಟರ್ನಲ್ ಟೆಸ್ಟ್ ಯಾವಾಗ? ಕೆಮಿಸ್ಟ್ರಿ ಅರ್ಥವಾಗುತ್ತಿದೆಯಾ? ಇದಕ್ಕೆ ಮೊದಲು ಉತ್ತರ ಬರೆ.

ಇನ್ನೊಂದು. ಅಲ್ಲಿ ಹಾರುವಾಗ ನಿನ್ನ ಜೊತೆಗೆ ಯಾರಾದರೂ ಇರುತ್ತಾರಾ, ಒಬ್ಬಳೇನಾ?

ಅಮ್ಮ

●

ಆಗಸ್ಟ್ 10

ಅಮ್ಮಾ,

ಕೆಮಿಸ್ಟ್ರಿ ಅರ್ಧ ಅರ್ಥವಾಗುತ್ತಿದೆ. ಟೆಸ್ಟ್ ಸೆಪ್ಟೆಂಬರಿನಲ್ಲಿ. ಈಗ ನಿನ್ನ ಕೊನೆಯ ಪ್ರಶ್ನೆಗೆ ಬರುತ್ತೇನೆ. ಒಬ್ಬಳೇ ಎಂದುಕೊಂಡಿದ್ದೆ. ಅಲ್ಲವಂತೆ.

ಕಳೆದ ಶನಿವಾರ ಧೈರ್ಯ ಜಾಸ್ತಿಯಾಗಿ ದೂರ ಹೋದೆ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯುವುದು ಹೇಗಿರುತ್ತದೆಂದರೆ, ಎಂಜಿನ್ ಉಸಿರು ಒಳಗೆಳೆದುಕೊಳ್ಳುತ್ತದೆ, ಬೆಳಕೆಲ್ಲ ಗೆರೆಗೆರೆಯಾಗುತ್ತದೆ, ಮರುಕ್ಷಣ ಮುಖದ ಮುಂದೆ ಬೆಂಕಿಯ ಗುಡ್ಡ! ಪ್ರತಿ ಸಲ ಕುರ್ಚಿ ಸಮೇತ ಹಿಂದೆ ಸರಿಯುತ್ತಿದ್ದೆ. ಪಕ್ಕದಲ್ಲಿ ಪ್ರಿಂಟರ್ ಬಿಟ್ಟುಹೋಗಲು ಬಂದಿದ್ದ ಗಿರಾಕಿಯೊಬ್ಬರು "ಮೇಡಂಗೆ ಬಿ.ಪಿ. ಇದ್ಯಾ?" ಎಂದು ಅಕ್ಕನನ್ನು ಕೇಳಿದರು.

ನಕ್ಷತ್ರದ ಹತ್ತಿರ, ಸುಡದಷ್ಟು ಹತ್ತಿರ, ಸವರಿಕೊಂಡು ಹೋದರೆ ನೌಕೆಗೆ ಇಂಧನ ಸಿಗುತ್ತದೆ. ಅದು ಗೊತ್ತಿತ್ತು. ಎಲ್ಲ ನಕ್ಷತ್ರಗಳೂ ಕೊಡುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಮಂಕಾದ ಕೆಂಗಂದು ಬಣ್ಣದ ನಕ್ಷತ್ರದ ಸುತ್ತ ಗಾಣದೆತ್ತಿನ ಹಾಗೆ ಸುತ್ತಿದೆ. ಒಂದು ಹನಿ ಬರಲಿಲ್ಲ. ದೀಪಗಳು ಒಂದೊಂದಾಗಿ ಆರಿದವು, ಗಾಜಿನ ಅಂಚಿಗೆ ಮಂಜು ಕಟ್ಟಿತು. ಸದ್ದೇ ಇಲ್ಲ, ನನ್ನದೇ ಉಸಿರಿನ ಸದ್ದು ಬಿಟ್ಟರೆ. ಗಾಳಿ ಇನ್ನೆಷ್ಟು ಹೊತ್ತು ಎಂದು ಅಂಕಿ ಇಳಿಯತೊಡಗಿತು.

ನನಗೆ ಅಳು ಬಂತು. ಅಕ್ಕ ಎದ್ದು ಬಂದು, "ಅಳೋ ಬದ್ಲು ಕೂಗೇ. ಆ ಮೂಲೇಲಿ ಬಟನ್ ಇದೆ ನೋಡು, ಕೂಗು," ಅಂದಳು. ಒತ್ತಿದೆ. 'ಇಂಧನ ಮುಗಿದಿದೆ' ಎಂದು ಬರೆದೆ. ಅಭ್ಯಾಸ ಬಲ ನೋಡು, ಅದರ ಕೆಳಗೆ ಮೂರು ಸಾಲು ಕಾರಣವನ್ನೂ ಬರೆಯತೊಡಗಿದೆ. ನನ್ನದೇ ತಪ್ಪು, ನಕ್ಷೆ ಸರಿಯಾಗಿ ಓದಲಿಲ್ಲ, ಇನ್ನು ಮುಂದೆ ಹೀಗಾಗುವುದಿಲ್ಲ, ಇತ್ಯಾದಿ.

ಮುಗಿಸುವ ಮೊದಲೇ ಉತ್ತರ ಬಂತು: 'ಬರ್ತಿದ್ದೀನಿ. ಗಾಳಿ ಎಷ್ಟಿದೆ?'

ಇಂಟರ್ನೆಟ್ಟಿನಲ್ಲಿ ಇದೇ ಆಟ ಆಡುತ್ತಿದ್ದ ಇನ್ಯಾರೋ ಕಳಿಸಿದ್ದು, ಹೆಸರು 'ಹಳೇ ಚಪ್ಪಲಿ'. ನಿಜವಾಗಿ ಹಾಗೇ ಇಟ್ಟುಕೊಂಡಿದ್ದಾರೆ! ಗಂಡಸೋ ಹೆಂಗಸೋ, ಮುದುಕರೋ ಹುಡುಗರೋ, ಯಾವ ಊರಿನವರೋ ಗೊತ್ತಿಲ್ಲ. ಹದಿನೈದು ನಕ್ಷತ್ರ ದಾಟಿ ಬಂದರು. ಕತ್ತಲಲ್ಲಿ ಮೊದಲು ಒಂದು ಚುಕ್ಕಿ, ಆಮೇಲೆ ಎರಡು ದೀಪ, ಆಮೇಲೆ ನನ್ನ ಕಿಟಕಿಯ ತುಂಬ ಅವರ ನೌಕೆಯ ಹೊಟ್ಟೆ. ಸಣ್ಣ ಯಂತ್ರವೊಂದು ಬಂದು ನನ್ನ ನೌಕೆಗೆ ಅಂಟಿಕೊಂಡು ಇಂಧನ ಕುಡಿಸಿತು. ದೀಪಗಳೆಲ್ಲ ಒಟ್ಟಿಗೇ ಹತ್ತಿದವು. ನಾನು ಅಂಗಡಿಯಲ್ಲಿ ಕೂಗಿದ ಕೂಗಿಗೆ ಜೆರಾಕ್ಸ್‌ನವರು ಎದ್ದು ಬಂದರು.

ನಾನು ಮತ್ತೆ ಸಾರಿ, ಸಾರಿ ಎಂದು ಬರೆದೆ. ಚಪ್ಪಲಿ ಬರೆದದ್ದು ಇಷ್ಟು: 'ಯಾಕೆ ಮುಗೀತು ಅಂತ ನಾವು ಕೇಳಲ್ಲ. ಅದು ನಮ್ಮ ಪದ್ಧತಿ. ಬಿಸಿ ಆಯ್ತಾ ಕೈಕಾಲು?'

ಅವರದೊಂದು ಗುಂಪಿದೆಯಂತೆ. ದುಡ್ಡಿಲ್ಲ, ಬಹುಮಾನವಿಲ್ಲ, ಸಿಕ್ಕಿಹಾಕಿಕೊಂಡವರ ಹತ್ತಿರ ಹೋಗುವುದೇ ಕೆಲಸ. ನಾನೂ ಸೇರಬಹುದಾ ಎಂದು ಕೇಳಿದೆ. 'ಒಂದ್ಸಲ ಸಿಕ್ಕಿಹಾಕ್ಕೊಂಡಿದ್ದೀಯಲ್ಲ, ಪಾಸು' ಎಂದು ಬಂತು. ಆ ಖುಷಿಯಲ್ಲಿರುವಾಗಲೇ ಮಷಿನ್ ಟಪ್ಪೆಂದು ಆಫ್ ಆಯಿತು. ನಾನು ಎದೆ ಹಿಡಿದುಕೊಂಡೆ. ಅಕ್ಕ ಕುಣಿದಳು: "ಸಿಕ್ತು ನೋಡು ರೋಗ! ಮೂರು ದಿನದಿಂದ ತಪ್ಪಿಸ್ಕೊಂಡು ತಿರುಗ್ತಿತ್ತು!"

ನಿನ್ನ,
ಬಿ-37

●

ಆಗಸ್ಟ್ 22

ಪಾಪು,

ಹಾಗೆ ಸಹಿ ಹಾಕಬೇಡ. ನನಗೆ ಸರಿ ಕಾಣುವುದಿಲ್ಲ.

ನಿನ್ನ ಚಪ್ಪಲಿಯವರು ಕಾರಣ ಕೇಳುವುದಿಲ್ಲವಂತೆ. ಅದು ಆಟ, ನಡೆಯುತ್ತದೆ. ಎಮರ್ಜೆನ್ಸಿ ವಾರ್ಡಿನಲ್ಲಿ ನಾವು ಕೇಳಲೇಬೇಕು. ಏನು ನುಂಗಿದೆ, ಎಷ್ಟು ನುಂಗಿದೆ, ಯಾವಾಗ ನುಂಗಿದೆ. ಹೇಳದಿದ್ದರೆ ಕೆನ್ನೆ ತಟ್ಟಿ ಕೇಳುತ್ತೇವೆ. ಕೇಳದೆ ಮದ್ದು ಕೊಡಲಾಗುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಅಡ್ಮಿಷನ್ ದಿನ ಗೇಟಿನಲ್ಲಿ ನೀನು "ನಂಗೆ ಇನ್ನೊಂದು ಹಾಸ್ಟೆಲ್ ಬೇಡ" ಎಂದು ಅಷ್ಟು ಜನರ ಮುಂದೆ ಕಿರುಚಿದೆಯಲ್ಲ, ಯಾಕೆ? ಎಂಟು ವರ್ಷ ಒಂದು ದಿನವೂ ತಕರಾರು ಮಾಡದವಳು. ವಾರ್ಡನ್ನುಗಳೆಲ್ಲ "ನಿಮ್ಮ ಮಗಳು ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ ಸಿಸ್ಟರ್" ಎಂದು ಹೊಗಳುತ್ತಿದ್ದರು. ನಾನು ಹೆಮ್ಮೆಪಡುತ್ತಿದ್ದೆ.

ಈ ಸಲ ಉದ್ದ ಬರೆದರೂ ಪರವಾಗಿಲ್ಲ.

ಅಮ್ಮ

●

ಸೆಪ್ಟೆಂಬರ್ 16

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಈಗ ವಾರ್ಡನ್ ಮೇಡಂ ನಿನಗೆ ಫೋನ್ ಮಾಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೆಮಿಸ್ಟ್ರಿ ಟೆಸ್ಟ್ ತಪ್ಪಿತು. ತಡವಾಗಿ ಹೋದೆ, ಒಳಗೆ ಬಿಡಲಿಲ್ಲ.

ಶನಿವಾರ ಟೆಸ್ಟ್ ಮಧ್ಯಾಹ್ನ ಇತ್ತು. ಬೆಳಗ್ಗೆ ಅಕ್ಕನ ಅಂಗಡಿಗೆ ಹೋಗಿದ್ದೆ, ಹೊರಡುವುದರಲ್ಲಿದ್ದೆ. ಆಗ ಒಂದು ಕೂಗು ಬಂತು. ಹೊಸಬರು, ಮೊದಲ ವಾರವಂತೆ. ಇಂಧನ ಮುಗಿದು ಕತ್ತಲಲ್ಲಿ ತೇಲುತ್ತಿದ್ದರು. ಉಳಿದವರೆಲ್ಲ ದೂರದಲ್ಲಿದ್ದರು, ಹತ್ತಿರ ಇದ್ದದ್ದು ನಾನೊಬ್ಬಳೇ. ನಾನು 'ಬರ್ತಿದ್ದೀನಿ' ಎಂದು ಬರೆದೆ. ನಾನು ಯಾರಿಗಾದರೂ ಹಾಗೆ ಹೇಳಿದ್ದು ಅದೇ ಮೊದಲು.

ದಾರಿಯುದ್ದಕ್ಕೂ ಅವರು ಕೇಳುತ್ತಿದ್ದರು: 'ಬರ್ತಿದ್ದೀರಾ?' 'ಬರ್ತಿದ್ದೀನಿ.' 'ಇನ್ನೂ ಇದ್ದೀರಾ?' 'ಇದ್ದೀನಿ.' ಅವರು ಆಟದಿಂದ ಲಾಗ್ಔಟ್ ಆದರೆ ಗಾಳಿ ಇಳಿಯುವುದು ನಿಲ್ಲುತ್ತದೆ, ನಾನು ಸಂಜೆ ಬಂದು ಎತ್ತಿಕೊಳ್ಳಬಹುದಿತ್ತು. ನನಗೆ ಗೊತ್ತಿತ್ತು. ವಾಚನ್ನೂ ನೋಡಿದೆ. ಆದರೆ ಬರ್ತಿದ್ದೀನಿ ಅಂದ ಮೇಲೆ 'ನಂಗೊಂದು ಕೆಲಸ ಇದೆ, ಆಮೇಲೆ ಬರ್ತೀನಿ' ಎಂದು ಟೈಪ್ ಮಾಡಲು ನನ್ನ ಕೈ ಬರಲಿಲ್ಲ. ಹೋದೆ. ಇಂಧನ ಕೊಟ್ಟೆ. ಅವರ ದೀಪ ಹತ್ತಿತು. ಅಲ್ಲಿಂದ ಪರೀಕ್ಷೆ ಹಾಲಿಗೆ ಓಡಿದೆ, ಬಾಗಿಲು ಹಾಕಿತ್ತು.

ತಪ್ಪಿಸಿಕೊಂಡದ್ದು ನಾನೇ. ಸಪ್ಲಿಮೆಂಟರಿ ಬರೆಯುತ್ತೇನೆ, ಲೆಕ್ಚರರ್ ಒಪ್ಪಿದ್ದಾರೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂಗಡಿಯ ವಿಷಯ ಕಿವಿಗೆ ಬಿದ್ದು ವಾರ್ಡನ್ ಮೇಡಂ ಕರೆಸಿದರು. ಬಾಗಿಲಲ್ಲಿ ನಿಂತೆ, "ಯೆಸ್" ಅಂದರು, ನೆಟ್ಟಗೆ ಒಳಗೆ ಹೋದೆ. ಅದಕ್ಕೇ ಅರ್ಧ ಸಿಟ್ಟು ಬಂತೆಂದು ಕಾಣುತ್ತದೆ.

"ತಪ್ಪೊಪ್ಪಿಗೆ ಬರ್ಕೊಡು. ಬೇಡದ ಕಡೆ ಕೂತು, ಕೆಲಸಕ್ಕೆ ಬಾರದ್ದಕ್ಕೆ ಟೈಮ್ ಹಾಳು ಮಾಡಿದೆ, ಇನ್ಮೇಲೆ ಆ ಅಂಗಡಿ ಮೆಟ್ಟಿಲು ಹತ್ತಲ್ಲ ಅಂತ. ನಿಮ್ಮಮ್ಮ ಬಂದು ಸೈನ್ ಹಾಕ್ಲಿ."

"ಟೆಸ್ಟ್ ತಪ್ಪಿಸ್ಕೊಂಡೆ ಅಂತ ಬರೀತೀನಿ ಮೇಡಂ. ಕೆಲಸಕ್ಕೆ ಬಾರದ್ದು ಅಂತ ಬರಿಯಲ್ಲ."

"ಏನಂದೆ?"

"ಅದೊಂದು ಬರಿಯಲ್ಲ."

"ಎಷ್ಟು ಸೈಲೆಂಟ್ ಹುಡುಗಿ ಅಂದ್ಕೊಂಡಿದ್ದೆ ನಿನ್ನ! ಬಾಯಿ ಯಾವಾಗ ಬಂತು?"

"ಜುಲೈನಲ್ಲಿ," ಅಂದುಬಿಟ್ಟೆ. ಬೇಕಂತ ಅಲ್ಲ ಅಮ್ಮ, ಬಾಯಿಗೆ ಬಂದುಬಿಟ್ಟಿತು.

ಬರೆದುಕೊಡದಿದ್ದರೆ ತಿಂಗಳ ಕೊನೆಗೆ ರೂಮು ಖಾಲಿ ಮಾಡಬೇಕಂತೆ. ನಾನು ಬರೆದುಕೊಡುವುದಿಲ್ಲ. ಭಯವಾಗುತ್ತಿದೆ, ನಿಜ. ಆಗಲಿ.

ಪಾಪು

●

ಸೆಪ್ಟೆಂಬರ್ 19

ಪಾಪು,

ಮೇಡಂ ಫೋನ್ ಮಾಡಿದ್ದರು. ನಾನು ಅವರ ಹತ್ತಿರ ಕ್ಷಮೆ ಕೇಳಿದೆ. ನಿನ್ನ ಪರವಾಗಿ.

ಏನು ಹಠ ಇದು? ನಾಲ್ಕು ಸಾಲು. ಬರೆದು ಬಿಸಾಕು. ನಾನು ಈ ಆಸ್ಪತ್ರೆಯಲ್ಲಿ ಎಷ್ಟು ಸಲ ಬರೆದುಕೊಟ್ಟಿದ್ದೇನೆ ಗೊತ್ತಾ? ಹಾಸಿಗೆ ಬಟ್ಟೆ ಕಳೆದರೆ ನಾನು, ಡಾಕ್ಟರ್ ತಡವಾಗಿ ಬಂದರೆ ನಾನು. ಬರೆದುಕೊಟ್ಟರೆ ಕೈ ಸವೆಯುವುದಿಲ್ಲ. ಕೆಲಸ ಉಳಿಯುತ್ತದೆ, ಇರಲು ಜಾಗ ಉಳಿಯುತ್ತದೆ.

ರೂಮು ಬಿಟ್ಟು ಎಲ್ಲಿಗೆ ಹೋಗುತ್ತೀಯ? ಇಲ್ಲಿಗಂತೂ ಬರುವ ಹಾಗಿಲ್ಲ. ಕ್ವಾರ್ಟರ್ಸ್ ನಿಯಮ ನಿನಗೆ ಗೊತ್ತು. ಇಬ್ಬರಿಗೆ ಒಂದು ರೂಮು, ಹತ್ತು ವರ್ಷ ದಾಟಿದ ಮಕ್ಕಳಿಗೆ ಪ್ರವೇಶವಿಲ್ಲ, ರಾತ್ರಿ ಎಂಟರ ಮೇಲೆ ಹೊರಗಿನವರು ಯಾರೂ ಇರುವಂತಿಲ್ಲ. ನಿನಗೆ ಹತ್ತು ತುಂಬಿದ ವಾರವೇ ಟ್ರಂಕ್ ಕಟ್ಟಿದ್ದು ಅದಕ್ಕೇ. ನಾನು ಬೇಕಂತ ಮಾಡಿದ್ದಲ್ಲ.

ಯಾರೋ ಮುಖ ಕಾಣದವರಿಗೆ ಬರ್ತೀನಿ ಅಂದೆಯಂತೆ, ಅದಕ್ಕೆ ಪರೀಕ್ಷೆ ಬಿಟ್ಟೆಯಂತೆ. ಯಾಕೆ? ಗೇಟಿನಲ್ಲಿ ಕಿರುಚಿದ್ದು ಯಾಕೆ ಎಂದೂ ಹೋದ ಕಾಗದದಲ್ಲಿ ಕೇಳಿದ್ದೆ. ನೀನು ಹೇಳಲೇ ಇಲ್ಲ.

ಬರೆದುಕೊಡು. ನಾನು ಭಾನುವಾರ ಬಂದು ಸೈನ್ ಹಾಕುತ್ತೇನೆ. ರಜೆ ಸಿಕ್ಕಿದರೆ.

ಅಮ್ಮ

●

ಸೆಪ್ಟೆಂಬರ್ 23

ಅಮ್ಮಾ,

ಭಾನುವಾರ ಮೂರರವರೆಗೆ ಗೇಟಿನ ಹತ್ತಿರ ಕೂತಿದ್ದೆ. ನಿನಗೆ ರಜೆ ಸಿಗಲಿಲ್ಲ. ಗೊತ್ತು, ಬೇಸರವಿಲ್ಲ. ನೀನು ಬಂದಿದ್ದರೂ ಸೈನ್ ಹಾಕಲು ಕಾಗದ ಇರುತ್ತಿರಲಿಲ್ಲ. ಆದರೆ ಅಲ್ಲಿ ಕೂತಾಗ ನಿನ್ನ 'ಯಾಕೆ'ಗೆ ಉತ್ತರ ಸಿಕ್ಕಿತು. ಕೆನ್ನೆ ತಟ್ಟುವುದು ಬೇಡ, ಹೇಳುತ್ತೇನೆ.

ಹಳೇ ಸ್ಕೂಲಿನಲ್ಲಿ ತಿಂಗಳಿಗೊಂದು ಭಾನುವಾರ ಪೇರೆಂಟ್ಸ್ ಬರುವ ದಿನ. 'ಬರ್ತೀನಿ' ಎಂದು ನೀನು ಹೇಳುತ್ತಿದ್ದೆ. ಎಷ್ಟೋ ಸಲ ಬಂದೆ, ಎಷ್ಟೋ ಸಲ ಡ್ಯೂಟಿ ಬಿತ್ತು. ಬರದ ದಿನ ನಾನು ಅಳುತ್ತಿರಲಿಲ್ಲ. ಅತ್ತರೆ ನಿನಗೆ ಫೋನ್ ಮಾಡುತ್ತಾರೆ, ಆಸ್ಪತ್ರೆಯಲ್ಲಿ ನಿನಗೆ ಮ್ಯಾಟ್ರನ್ ಬೈಯುತ್ತಾರೆ ಎಂದು ಗೊತ್ತಿತ್ತು. ಇದ್ದಾಳೋ ಇಲ್ಲವೋ ಗೊತ್ತಾಗದ ಹಾಗೆ ಇರುವುದನ್ನು ನಾನು ಕಲಿತದ್ದು ಹಾಗೆ. ನೀನು ಹೆಮ್ಮೆಪಟ್ಟದ್ದು ಅದಕ್ಕೆ. ಏನು ನುಂಗಿದೆ ಎಂದು ಕೇಳಿದರೆ, ನಾನು ಆ ಹೊಗಳಿಕೆಯನ್ನೇ ನುಂಗಿದ್ದು ಅಮ್ಮ, ಎಂಟು ವರ್ಷ, ದಿನಾ.

ಆ ಕತ್ತಲಲ್ಲಿ ಬಟನ್ ಒತ್ತಿದಾಗ ಯಾರೂ ಬರುವುದಿಲ್ಲ ಎಂದೇ ನನಗೆ ಖಾತ್ರಿಯಿತ್ತು. ಬಂದರು. ಅದು ಆಟ, ಚಪ್ಪಲಿ ಸುಳ್ಳು ಹೆಸರು, ನೌಕೆ ಬರೀ ಬೆಳಕು, ಎಲ್ಲ ಒಪ್ಪುತ್ತೇನೆ. ಬಂದದ್ದು ಮಾತ್ರ ನಿಜ. ಅದನ್ನು ಕೆಲಸಕ್ಕೆ ಬಾರದ್ದು ಎಂದು ಯಾರಿಗೂ ಬರೆದುಕೊಡುವುದಿಲ್ಲ. ಮೇಡಂಗೂ ಇಲ್ಲ, ನಿನಗೂ ಇಲ್ಲ. ನೀನು ನನ್ನ ಪರವಾಗಿ ಕ್ಷಮೆ ಕೇಳಿದ್ದೂ ನನಗೆ ಇಷ್ಟವಾಗಲಿಲ್ಲ. ಕೋಪದಲ್ಲಿ ಬರೆಯುತ್ತಿಲ್ಲ. ಕೋಪದಲ್ಲಿ ಗೇಟಿನ ಮುಂದೆ ಕಿರುಚಿದ್ದೆ, ಅದು ಮುಗಿಯಿತು.

ಈಗ ಕೇಳು. ಅಕ್ಕನ ಅಂಗಡಿಯ ಮೇಲೆ ಎರಡು ಕೋಣೆಗಳಿವೆ. ಹಳೇ ಮಾನಿಟರುಗಳನ್ನು ತುಂಬಿಟ್ಟಿದ್ದಳು. ಸೋಮವಾರ ನಾವಿಬ್ಬರೂ ಸೇರಿ ಒಂದೊಂದೇ ಕೆಳಗಿಳಿಸಿದೆವು. ಮುಂದಿನ ಕೋಣೆಗೆ ರಸ್ತೆ ಕಡೆ ಕಿಟಕಿ, ಸದ್ದು ಜಾಸ್ತಿ. ಹಿಂದಿನದರಲ್ಲಿ ಹಗಲು ಹೊತ್ತಿನಲ್ಲೂ ಮಲಗಬಹುದು, ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಹೇಳಿ ಮಾಡಿಸಿದ ಹಾಗಿದೆ. ಅಡುಗೆಗೆ ಒಂದು ಕಟ್ಟೆ, ನಲ್ಲಿ ಸ್ವಲ್ಪ ಸೋರುತ್ತದೆ. ಗೋಡೆಗೆ ಸುಣ್ಣ ಬೇಕು. ನಿನ್ನ ಆಸ್ಪತ್ರೆಯ ಕಡೆ ಹೋಗುವ ಬಸ್ಸು ಇದೇ ರಸ್ತೆಯ ತುದಿಯಿಂದ ಹೊರಡುತ್ತದೆ. ಮಾರ್ನಿಂಗ್ ಶಿಫ್ಟಿಗೆ ಸಿಗುತ್ತದಾ ಎಂದು ಕಂಡಕ್ಟರನ್ನೇ ಕೇಳಿದೆ. "ಆಸ್ಪತ್ರೆಯೋರೇ ಅರ್ಧ ಬಸ್ಸು ತುಂಬಿರ್ತಾರಮ್ಮ," ಅಂದರು. ಅಂದರೆ ಕ್ವಾರ್ಟರ್ಸ್ ಬಿಟ್ಟು ಮನೆ ಮಾಡಿಕೊಂಡವರು ಇದ್ದಾರೆ. ಯಾರೂ ಸತ್ತುಹೋಗಿಲ್ಲ.

ಅಕ್ಕ ಶನಿವಾರಕ್ಕೆ ಮಾತ್ರ ಬೇಡ, ದಿನಾ ಸಂಜೆ ಟೆಸ್ಟಿಂಗಿಗೆ ಕೂರು, ಬಾಡಿಗೆಯಲ್ಲಿ ಅದು ಕಳೆಯುತ್ತದೆ ಅಂದಿದ್ದಾಳೆ. ಸಪ್ಲಿಮೆಂಟರಿಗೆ ಓದದಿದ್ದರೆ ಕಾಲು ಮುರಿಯುತ್ತೇನೆ ಎಂದೂ ಅಂದಿದ್ದಾಳೆ. "ನಿಮ್ಮಮ್ಮ ಹೆಂಗೆ?" ಎಂದು ಕೇಳಿದಳು. "ನಂಗೂ ಪೂರ್ತಿ ಗೊತ್ತಿಲ್ಲ ಅಕ್ಕ, ಒಟ್ಟಿಗೆ ಇದ್ದದ್ದೇ ಕಮ್ಮಿ," ಅಂದೆ. ಅವಳು ಟಾರ್ಚ್ ಆಫ್ ಮಾಡಿ ನನ್ನ ಪಕ್ಕ ಬಂದು ಕೂತಳು.

ನನಗೆ ಗೊತ್ತು, ನಿನಗೆ ಇದು ಸುಲಭವಲ್ಲ. ಅಪ್ಪ ಹೋದ ಮೇಲೆ ನಮ್ಮ ಬಾಡಿಗೆ ಮನೆಗೆ ಬೀಗ ಹಾಕಿ ಕೀಲಿ ಓನರ್ ಕೈಗೆ ಕೊಟ್ಟದ್ದು ನನಗೂ ನೆನಪಿದೆ. ಆಮೇಲೆ ನಾನೊಬ್ಬಳೇ ಹಾಸ್ಟೆಲಿನಲ್ಲಿದ್ದೆ ಎಂದುಕೊಂಡಿದ್ದೆ. ಹೋದ ಕಾಗದ ಓದಿದ ಮೇಲೆ ತಿಳಿಯಿತು, ನೀನೂ ಇದ್ದೆ. ಎಂಟರ ಮೇಲೆ ಯಾರೂ ಇರುವಂತಿಲ್ಲ ಎಂಬ ರೂಮಿನಲ್ಲಿ, ಎಲ್ಲದಕ್ಕೂ ಬರೆದುಕೊಡುತ್ತ. ನನ್ನನ್ನು ಇರಲು ಬಿಡದ ಕಡೆ ನೀನು ಯಾಕೆ ಇರಬೇಕು?

ನಾನು ಪರ್ಮಿಷನ್ ಕೇಳುತ್ತಿಲ್ಲ. ಮೂವತ್ತನೇ ತಾರೀಖು ಟ್ರಂಕ್ ತೆಗೆದುಕೊಂಡು ಆ ಕೋಣೆಗಳಿಗೆ ಹೋಗುತ್ತೇನೆ. ನೀನು ಬಂದರೂ ಹೋಗುತ್ತೇನೆ, ಬರದಿದ್ದರೂ ಹೋಗುತ್ತೇನೆ. ಆದರೆ ಹಿಂದಿನ ಕೋಣೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಒಂದೇ ಒಂದು ವಿಷಯ. ಬರುವುದಾದರೆ ಮಾತ್ರ ಬರ್ತೀನಿ ಅನ್ನು. ರಜೆ ಸಿಕ್ಕಿದರೆ, ಮ್ಯಾಟ್ರನ್ ಒಪ್ಪಿದರೆ, ನೋಡೋಣ, ಇವೆಲ್ಲ ಬೇಡ. ಬರುವುದಿಲ್ಲ ಎಂದರೆ ಬರುವುದಿಲ್ಲ ಎಂದೇ ಬರೆ, ನಾನು ತಡೆದುಕೊಳ್ಳುತ್ತೇನೆ. ಕಾಯುವುದನ್ನು ಮಾತ್ರ ಇನ್ನು ತಡೆದುಕೊಳ್ಳಲಾರೆ.

ಸುಣ್ಣ ಯಾವ ಬಣ್ಣ ಎಂದು ಅಕ್ಕ ನಾಳೆಯಿಂದ ಪೀಡಿಸುತ್ತಾಳೆ. ಈ ಕಾಗದ ತಲುಪಿದ ದಿನವೇ ಉತ್ತರ ಬರೆ ಅಮ್ಮ.

ನಿನ್ನ,
ಪಾಪು